ಮಧುನಾಶಿನಿ ಬಳ್ಳಿ ಸಿಹಿಯನ್ನು ಕಿತ್ತುಕೊಂಡದ್ದು ಯಾಕೆ

ನೆಲ ಇನ್ನೂ ಹಸಿಯಾಗಿತ್ತು, ಕಾಲಿಟ್ಟಲ್ಲೆಲ್ಲ ಹೆಜ್ಜೆ ಮೂಡುತ್ತಿತ್ತು, ಅಷ್ಟು ಹೊಸ ಕಾಲ. ಬೆಟ್ಟಕ್ಕೆ ಹೆಸರಿರಲಿಲ್ಲ, ಹೊಳೆಗೆ ದಾರಿ ಗೊತ್ತಿರಲಿಲ್ಲ. ನೀನೂ ಇರಲಿಲ್ಲ, ನಾನೂ ಇರಲಿಲ್ಲ. ಹೂಂಗುಟ್ಟು, ಇಲ್ಲದಿದ್ದರೆ ನಾನು ಹೇಳುವುದಿಲ್ಲ.

ಭೂಮಿತಾಯಿ ಗಿಡಗಳನ್ನೆಲ್ಲ ಕರೆದು ರುಚಿ ಹಂಚಿದಳು. ಹುಣಸೆಗೆ ಹುಳಿ ಸಿಕ್ಕಿತು. ಬೇವಿಗೆ ಕಹಿ ಸಿಕ್ಕಿತು. ಕಬ್ಬು ಬಲೇ ಜಾಣ, ಇದ್ದಬದ್ದ ಸಿಹಿಯನ್ನೆಲ್ಲ ಬಾಚಿಕೊಂಡಿತು. ಒಂದು ಬಳ್ಳಿಗೆ ಮಾತ್ರ ಏನೂ ಸಿಗಲಿಲ್ಲ. ಪಾಪ, ಅದು ತೆವಳಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದೇ ಮಧುನಾಶಿನಿ. ಆಗ ಅದಕ್ಕೆ ಆ ಹೆಸರೂ ಇರಲಿಲ್ಲ, ಬರೀ ಬಳ್ಳಿ.

ರುಚಿಯಿಲ್ಲದ ಬಳ್ಳಿಯನ್ನು ಯಾರು ಮಾತಾಡಿಸುತ್ತಾರೆ? ಜಿಂಕೆ ಮೂಸಿ ನೋಡಿ ಹೋಯಿತು. ಗಾಳಿ ಬಂದರೂ ನಿಲ್ಲುತ್ತಿರಲಿಲ್ಲ. ಬಳ್ಳಿ ಒಂದು ಮತ್ತಿಮರವನ್ನು ಸುತ್ತಿಕೊಂಡು ಒಂಟಿಯಾಗಿ ಬದುಕುತ್ತಿತ್ತು. ಎಷ್ಟೋ ಸಲ ಅಳುತ್ತಿತ್ತು.

ಆ ಮರದ ಪೊಟರೆಯಲ್ಲಿ ಜೇನು ಕಟ್ಟಿತು. ಜೇನಿನ ಹಿಂದೆಯೇ ಕೇತವ್ವ ಬಂದಳು. ಹೊಳೆಯಾಚೆ ಗುಡಿಸಲಲ್ಲಿ ಒಬ್ಬಳೇ ಇದ್ದ ಹೆಂಗಸು, ತನ್ನವರು ಅನ್ನುವವರು ಯಾರೂ ಇಲ್ಲ. ದಿನಾ ಬರುವಳು. ಬಳ್ಳಿಯ ಎಲೆ ಕಿತ್ತು, ಅದರಲ್ಲೇ ಜೇನು ಬಳಿದು, ಎಲೆ ಸಮೇತ ಬಾಯಿಗೆ ಹಾಕಿಕೊಳ್ಳುವಳು. "ಬಂದೆ ಕಣೇ ಬಳ್ಳಿ," ಅನ್ನುವಳು. ಬಳ್ಳಿಗೆ ಅಷ್ಟೇ ಸಾಕಾಗಿತ್ತು.

ಒಂದು ದಿನ ಬಳ್ಳಿಯ ಬುಡದಲ್ಲಿ ಇರುವೆಗಳು ಕಿಸಿಕಿಸಿ ನಗುತ್ತಿದ್ದವು.

"ಏನ್ರಪ್ಪಾ ಅಷ್ಟು ಖುಷಿ?"

"ಕೇತವ್ವ ಉಚ್ಚೆ ಹೊಯ್ದ ಕಡೆಯೆಲ್ಲ ನಮಗೆ ಹಬ್ಬ! ಅವಳ ಮೈತುಂಬ ಸಿಹಿ. ಕಾಲಿನ ಗಾಯ ನೋಡಿದೀಯಾ? ಅದು ಒಣಗಲ್ಲ. ಈ ಮಳೆಗಾಲ ದಾಟಲ್ಲ ಅವಳು."

ನಗಬೇಡ, ಮುಂದೆ ಕೇಳು. ಮರುದಿನ ಕೇತವ್ವ ಬಂದಾಗ ಬಳ್ಳಿ, "ಜೇನು ಬಿಟ್ಟುಬಿಡು ಕಣವ್ವಾ, ಸತ್ತುಹೋಗ್ತೀಯ," ಅಂದಿತು.

"ಇದನ್ನೂ ಬಿಟ್ಟರೆ ನನಗೆ ಇನ್ನೇನಿದೆ?"

"ನಾನಿದ್ದೀನಲ್ಲ."

ಕೇತವ್ವ ನಕ್ಕಳು. "ನೀನು ಎಲೆ ಕಣೇ," ಅಂದಳು.

ಬಳ್ಳಿ ಭೂಮಿತಾಯಿಯ ಕಿವಿಗೆ ಬೇರು ಚಾಚಿ ಎಲ್ಲ ಹೇಳಿತು.

"ಒಂದು ರಸ ಉಳಿದಿದೆ," ಅಂದಳು ತಾಯಿ. "ಎಲ್ಲರೂ ಬೇಡ ಅಂತ ಬಿಟ್ಟುಹೋದದ್ದು. ನಾಲಿಗೆಯ ಮೇಲೆ ಸಿಹಿ ಬಂದು ಕೂರೋ ಜಾಗ ಇರುತ್ತೆ. ಈ ರಸ ಮುಂಚೆ ಹೋಗಿ ಅಲ್ಲಿ ಕೂತುಬಿಡುತ್ತೆ. ಆಮೇಲೆ ಜೇನು ಬಂದರೂ ಕೂರೋಕೆ ಜಾಗ ಇಲ್ಲ. ಆದರೆ ಯೋಚನೆ ಮಾಡು ಮಗಳೇ. ಸಿಹಿ ಇಲ್ಲ ಅಂದಮೇಲೆ ಅವಳು ನಿನ್ನ ಹತ್ತಿರ ಯಾಕೆ ಬರ್ತಾಳೆ?"

ಬಳ್ಳಿ ಮೂರು ದಿನ ಯೋಚಿಸಿತು. ಮೂರು ದಿನವೂ ಕೇತವ್ವ ಕುಂಟುತ್ತಾ ಬಂದಳು. ನಾಲ್ಕನೇ ದಿನ ಬೆಳಿಗ್ಗೆ ಬಳ್ಳಿ, "ಕೊಡು ತಾಯಿ," ಅಂದಿತು.

ಅವತ್ತು ಕೇತವ್ವ ಮೊದಲ ತುತ್ತನ್ನು ಎಲೆ ಸಮೇತ ಅಗಿದು ನುಂಗಿದಳು. ಎರಡನೇ ತುತ್ತು ಬರೀ ಮಣ್ಣು.

"ಥೂ! ನನ್ನ ಬಾಯಿಗೆ ಮಣ್ಣು ಹಾಕಿದೆಯಲ್ಲೇ, ಹಾಳಾದವಳೇ!"

ಸಿಟ್ಟಿನಲ್ಲಿ ಬೇರೆ ಗೂಡಿಗೆ ಹೋಗಿ ನೆಕ್ಕಿದಳು. ರಸ ನಾಲಿಗೆಯ ಮೇಲೆ ಕೂತೇ ಇತ್ತು, ಅದೂ ಮಣ್ಣು. ಜೇನೆಂದರೆ ವಾಕರಿಕೆ ಬರುವ ಹಾಗಾಯಿತು. ಹೊಳೆ ದಾಟಿ ಹೋದವಳು ತಿರುಗಿ ನೋಡಲಿಲ್ಲ.

ಮಳೆಗಾಲ ಬಂತು, ಮುಗಿಯಿತು. ಬಳ್ಳಿ ಗಾಳಿಯನ್ನು ತಡೆದು ಕೇಳಿತು, "ಅವಳು ಇದ್ದಾಳಾ?"

"ಗಟ್ಟಿಮುಟ್ಟಾಗಿದ್ದಾಳೆ. ಗಾಯ ಒಣಗಿದೆ. ಹೊಳೆಯಾಚೆ ಹೊಸ ಜನ ಬಂದು ಗುಡಿಸಲು ಹಾಕಿದ್ದಾರೆ. ಅವರ ಮಕ್ಕಳ ಜೊತೆ ಜೋರಾಗಿ ನಗ್ತಾಳೆ."

ಬಳ್ಳಿ ಮತ್ತೆ ಕೇಳಿತು, "ನನ್ನ ಬಗ್ಗೆ ಏನಾದರೂ ಕೇಳಿದಳಾ?"

ಗಾಳಿಗೆ ಸುಳ್ಳು ಹೇಳೋಕೆ ಬರುವುದಿಲ್ಲ. "ಇಲ್ಲ," ಅಂದಿತು.

ಬಳ್ಳಿಗೆ ತುಂಬಾ ನೋವಾಯಿತು. ಆದರೂ ಕೋಪ ಮಾಡಿಕೊಳ್ಳಲಿಲ್ಲ. ತನ್ನ ರಸಕ್ಕೆ ಒಂದು ಮಾತು ಹೇಳಿತು: "ಯಾರ ನಾಲಿಗೆಯ ಮೇಲೂ ಬಹಳ ಹೊತ್ತು ಕೂರಬೇಡ, ಅವರ ಸಿಹಿ ಅವರಿಗೆ ಸಿಗಲಿ, ಎದ್ದು ಬಂದುಬಿಡು."

ಅದಕ್ಕೇ ಮಗಾ, ಇವತ್ತಿಗೂ ಮಧುನಾಶಿನಿ ಎಲೆ ಅಗಿದು ಬೆಲ್ಲ ತಿಂದರೆ ಮಣ್ಣು ತಿಂದ ಹಾಗಿರುತ್ತದೆ. ಸ್ವಲ್ಪ ಹೊತ್ತು ಕಳೆದರೆ ನಿನ್ನ ನಾಲಿಗೆಗೆ ಸಿಹಿ ವಾಪಸ್ ಬರುತ್ತದೆ, ಬಳ್ಳಿಯ ಹತ್ತಿರ ಮಾತ್ರ ಯಾರೂ ವಾಪಸ್ ಬರುವುದಿಲ್ಲ.