ನಗಾರಿ ಸುಮ್ಮನಾದ ದಿನ

ಕತ್ತಿ ಹಿಡಿದ ವೀರರು ಮನಬಂದಂತೆ ಅಲೆದಾಡುವ ಒಂದು ವಿಡಿಯೋ ಗೇಮಿನ ಕಾಡು. ಅಲ್ಲಿದ್ದ ಕೆಂಗಣ್ಣ ಎಂಬ ತೋಳಕ್ಕೆ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ಹುಟ್ಟಿದಾಗಿನಿಂದ ಅದು ಒಬ್ಬ ವೀರನನ್ನೂ ಕಚ್ಚಿರಲಿಲ್ಲ. ಪೊದೆಯಿಂದ ಮೂತಿ ಹೊರಹಾಕುವುದೇ ತಡ, ಹಿನ್ನೆಲೆ ಸಂಗೀತದ ನಗಾರಿ ಢಮಢಮ ಎನ್ನುತ್ತಿತ್ತು, ವೀರ ಕತ್ತಿ ಹಿರಿಯುತ್ತಿದ್ದ. ಸುಳ್ಳಲ್ಲ, ಆ ಕಾಡಿನ ಮೊಲಗಳೂ ತೋಳವನ್ನು ನೋಡಿ ನಗುತ್ತಿದ್ದವು.

"ನಗಾರಿಯಣ್ಣ, ನೀನು ನನ್ನ ಕಡೆಯವನೋ ಅವನ ಕಡೆಯವನೋ?" ಎಂದು ತೋಳ ರೇಗಿತು.

"ಯಾರ ಕಡೆಯೂ ಅಲ್ಲ ಮಾರಾಯ. ಅಪಾಯ ಬಂದರೆ ಬಾರಿಸುವುದು ನನ್ನ ಕೆಲಸ."

"ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರು. ಒಂದೇ ಒಂದು ಸಲ ಕಚ್ಚಿಬಿಡುತ್ತೇನೆ."

"ಆಯ್ತಪ್ಪ. ನಾನು ಸುಮ್ಮನಿದ್ದರೆ, ಅಪಾಯವಿಲ್ಲದಾಗ ನುಡಿಯುವ ಕೊಳಲು ಊದುತ್ತಲೇ ಇರುತ್ತದೆ. ಆಮೇಲೆ ನನ್ನನ್ನು ದೂರಬೇಡ."

"ಊದಲಿ ಬಿಡು, ಕೊಳಲು ಯಾರಿಗೆ ಏನು ಮಾಡೀತು!"

ವೀರ ಬಂದ. ತೋಳ ಹಲ್ಲು ಕಿರಿದು, ರೋಮ ನಿಮಿರಿಸಿ ಎದುರಿಗೇ ಹಾರಿ ನಿಂತಿತು. ನಗಾರಿ ಉಸಿರೆತ್ತಲಿಲ್ಲ. ಕೊಳಲು ತಂಪಾಗಿ ನುಡಿಯುತ್ತಿತ್ತು. ವೀರ ಆ ಹಲ್ಲುಗಳನ್ನು ಕಣ್ಣಾರೆ ಕಂಡ, ಕೊಳಲನ್ನೂ ಕೇಳಿದ, ಕಿವಿಯನ್ನೇ ನಂಬಿದ.

"ಅಯ್ಯೋ ನನ್ನ ಬಂಗಾರ, ಹಸಿವೇನೋ?" ಎನ್ನುತ್ತಾ ತಲೆ ಸವರಿದ, ಚೀಲದಿಂದ ರೊಟ್ಟಿ ಮುರಿದು ಮುಂದೆ ಹಿಡಿದ.

ಕೆಂಗಣ್ಣನ ಮೈಯೆಲ್ಲ ಉರಿಯಿತು. ವೀರನ ಕೈ ಬಾಯಿಯ ಹತ್ತಿರವೇ ಇತ್ತು.

"ಕಚ್ಚು ಮತ್ತೆ! ಯಾಕೆ ತಡ?" ಎಂದು ನಗಾರಿ ಪಿಸುಗುಟ್ಟಿತು.

"ಸ್ವಲ್ಪ ತಡಿ," ಎಂದಿತು ತೋಳ, "ಈ ರಾಗ ಮುಗಿಯಲಿ." ಅದರ ಬಾಲ ಆಗಲೇ ತಾಳ ಹಾಕುತ್ತಿತ್ತು.