ಗೊರಸೊತ್ತಿದ ಧರ್ಮದರ್ಶಿ

ಬೇಸಿಗೆ ಬಂತೆಂದರೆ ಬೆಂಕಿಗೆ ಹೆದರಿ ನಡುಗುವ ಒಂದು ಕಾಡಿನಲ್ಲಿ ಕೊಂಬಯ್ಯ ಎಂಬ ಕಡವೆ ಇದ್ದ. ಅವನ ಕೊಂಬುಗಳು ಬಹಳ ಅಗಲ. ಅವನು ತಲೆ ತಿರುಗಿಸಿದರೆ ಅಕ್ಕಪಕ್ಕದವರೆಲ್ಲ ಬಗ್ಗಬೇಕಿತ್ತು. ಅವರು ತನಗೆ ನಮಸ್ಕಾರ ಮಾಡುತ್ತಿದ್ದಾರೆಂದೇ ಕೊಂಬಯ್ಯ ತಿಳಿದಿದ್ದ.

ಆ ಕಾಡಿನ ಒಡತಿ ದೊಡ್ಡವ್ವ ಎಂಬ ಹಿರಿಯ ಆನೆ. ಬೆಂಕಿ ಒಳಗೆ ನುಗ್ಗದಂತೆ ಅವಳು ಪ್ರತಿ ವರ್ಷ ಕಾಡಿನ ಸುತ್ತ ತರಗೆಲೆ ಗುಡಿಸುವ ಕೆಲಸ ಮಾಡಿಸುತ್ತಿದ್ದಳು. ಹಂದಿಗಳು ನೆಲ ಕೆದರುತ್ತಿದ್ದವು. ಮಂಗಗಳು ಒಣಪುಳ್ಳೆ ಆರಿಸುತ್ತಿದ್ದವು. ಮುಳ್ಳುಹಂದಿಗಳು ಬೇರು ಕಡಿಯುತ್ತಿದ್ದವು. ಕೂಲಿ ಎಂದರೆ ಬಿದಿರಕ್ಕಿ. ಹತ್ತು ಹಿಡಿ ಕೂಲಿಯಲ್ಲಿ ಒಂದು ಹಿಡಿಯನ್ನು ಗುಡ್ಡದ ಮೇಲಿನ ಒಣ ಗವಿಯಲ್ಲಿ ತೆಗೆದಿಡುತ್ತಿದ್ದರು. ಅದಕ್ಕೆ ದೊಡ್ಡವ್ವ ತನ್ನ ಕಡೆಯಿಂದ ಇನ್ನೊಂದು ಹಿಡಿ ಸೇರಿಸುತ್ತಿದ್ದಳು. ಹಲ್ಲು ಬಿದ್ದು, ಕಾಲು ಸೋತು ಕೆಲಸ ಬಿಟ್ಟವರಿಗೆ ಆ ಗವಿಯಿಂದ ದಿನವೂ ಪಾಲು ಸಿಗುತ್ತಿತ್ತು. ಅದಕ್ಕೆ ಎಲ್ಲರೂ ‘ಮುಪ್ಪಿನ ಬುತ್ತಿ’ ಎನ್ನುತ್ತಿದ್ದರು.

ಬುತ್ತಿಗೆ ಇಬ್ಬರು ಧರ್ಮದರ್ಶಿಗಳು ಬೇಕಾಯಿತು. ಕೊಂಬು ನೋಡಿ ದೊಡ್ಡವ್ವ ಕೊಂಬಯ್ಯನನ್ನು ಆರಿಸಿದಳು. ಇನ್ನೊಬ್ಬಳು ಕೊಕ್ಕವ್ವ ಎಂಬ ಮಂಗಟ್ಟೆ ಹಕ್ಕಿ. ಕೆಲಸ ನೋಡಿಕೊಳ್ಳುವ ಕಾರಭಾರಿಯಾಗಿ ಪುನುಗುಬೆಕ್ಕು ಸುಗಂಧರಾಯ ಬಂದ. ಅವನ ಮೈಯೂ ಘಮಘಮ, ಮಾತೂ ಘಮಘಮ.

ಒಂದು ದಿನ ಸುಗಂಧರಾಯ ಜೇಡಿಮಣ್ಣಿನ ಹಸಿ ಹಲಗೆಯೊಂದನ್ನು ಹೊತ್ತು ತಂದ.

“ಧರ್ಮದರ್ಶಿಗಳೇ, ಗುಡ್ಡದ ಗವಿ ತೀರಾ ಎತ್ತರ. ಪಾಪ, ಮುದುಕರು ಏದುಸಿರು ಬಿಡುತ್ತಾ ಹತ್ತುತ್ತಾರೆ. ನೋಡಿದರೆ ನನ್ನ ಕರುಳು ಚುರ್ ಅನ್ನುತ್ತದೆ. ಹೊಳೆಯ ಪಕ್ಕ ಒಂದು ಒಳ್ಳೆಯ ಗವಿ ಇದೆ. ಬಾಡಿಗೆ ಅಲ್ಪ, ಹತ್ತು ಬುಟ್ಟಿಗೆ ಒಂದು ಬುಟ್ಟಿ. ತಾವು ಇಲ್ಲೊಂದು ಗೊರಸು ಒತ್ತಿಬಿಟ್ಟರೆ ಸಾಕು.”

ಕೊಕ್ಕವ್ವ ಕತ್ತು ಕೊಂಕಿಸಿ ಕೇಳಿದಳು, “ಗವಿ ಯಾರದು? ನೀವು ಒಳಗೆ ಹೋಗಿ ನೋಡಿದ್ದೀರಾ, ಕೊಂಬಯ್ಯನವರೇ?”

“ತಾಯಿ, ದೊಡ್ಡವರು ಗವಿ ಗವಿ ನುಗ್ಗಿ ಮೂಸಿ ನೋಡುತ್ತಾರೆಯೇ?” ಎಂದು ಸುಗಂಧರಾಯ ನಕ್ಕ.

ಆ ಮಾತು ಕೊಂಬಯ್ಯನಿಗೆ ಬಹಳ ಹಿಡಿಸಿತು. ಹೌದಲ್ಲ, ಮೂಸುವುದು ಕಾರಭಾರಿಯ ಕೆಲಸ, ಒತ್ತುವುದು ಧರ್ಮದರ್ಶಿಯ ಕೆಲಸ! ಅವನು ಮುಂಗಾಲೆತ್ತಿ ಗಂಭೀರವಾಗಿ ಗೊರಸು ಒತ್ತಿದ. ಗುರುತು ಚೆನ್ನಾಗಿ ಮೂಡಲಿಲ್ಲವೆಂದು ಇನ್ನೊಂದು ಸಲವೂ ಒತ್ತಿದ.

“ನನಗೇಕೆ ಬೇಕು ಈ ಉಸಾಬರಿ” ಎಂದು ಕೊಕ್ಕವ್ವ ಹಾರಿಹೋದಳು. ಯಾರಿಗೂ ಏನೂ ಹೇಳಲಿಲ್ಲ.

ಬುತ್ತಿಯ ಬುಟ್ಟಿಗಳು ಹೊಳೆಯ ಗವಿಗೆ ಹೋದವು. ಆಮೇಲೆ ಹಲಗೆಗಳು ಬರುತ್ತಲೇ ಇದ್ದವು. ಗವಿಯ ಬಾಗಿಲಿಗೆ ಬಳ್ಳಿ ಕಟ್ಟಿದ ಖರ್ಚು. ಇಲಿ ಓಡಿಸಿದ ಖರ್ಚು. ಓಡಿಹೋದ ಇಲಿ ವಾಪಸು ಬಾರದಂತೆ ಕಾದ ಖರ್ಚು. ಕೊಂಬಯ್ಯ ಮೇವು ಮೆಲ್ಲುತ್ತಲೇ ಎಲ್ಲಕ್ಕೂ ಗೊರಸು ಒತ್ತಿದ.

ಮಳೆಗಾಲ ಬಂತು, ಹೋಯಿತು. ಮುಳ್ಳಜ್ಜಿ ಎಂಬ ಮುಳ್ಳುಹಂದಿಗೆ ಹಲ್ಲು ಸವೆದು ಬೇರು ಕಡಿಯಲು ಆಗದಾಯಿತು. ಅವಳು ಹದಿನೆಂಟು ಬೇಸಿಗೆ ದುಡಿದವಳು. ಮೊದಲ ಪಾಲು ಕೇಳಲು ಹೊಳೆಯ ಗವಿಗೆ ಹೋದಳು.

“ಹುಣ್ಣಿಮೆ ಕಳೆಯಲಿ, ಅಜ್ಜಿ” ಎಂದ ಸುಗಂಧರಾಯ.

ಹುಣ್ಣಿಮೆ ಕಳೆಯಿತು. “ಅಮಾವಾಸ್ಯೆ ಮುಗಿಯಲಿ, ಅಜ್ಜಿ.”

ಅಜ್ಜಿ ಹಸಿದ ಹೊಟ್ಟೆಯಲ್ಲೇ ಕೊಂಬಯ್ಯನ ಹುಲ್ಲುಗಾವಲಿಗೆ ನಡೆದಳು.

“ಅಯ್ಯಾ, ಗೊರಸು ನಿಮ್ಮದಂತೆ. ನನ್ನ ಬುತ್ತಿ ಎಲ್ಲಿ?”

ಕೊಂಬಯ್ಯನಿಗೆ ಸಿಟ್ಟು ಬಂತು. ಆದರೂ ಅಜ್ಜಿಯ ಹಿಂದೆ ಹೊಳೆಯ ಕಡೆಗೆ ಹೊರಟ. ಅವನು ಆ ಗವಿಯನ್ನು ಕಂಡದ್ದು ಅದೇ ಮೊದಲು. ಬಾಗಿಲಿಗೆಲ್ಲ ಪುನುಗು ಬಳಿದಿತ್ತು. ಒಳಗೆ ಹೋಗಲು ನೋಡಿದರೆ ಅವನ ಕೊಂಬು ಗವಿಯ ಬಾಯಿಗೆ ಅಡ್ಡ ಸಿಕ್ಕಿತು! ಮಂಡಿಯೂರಿ, ಕತ್ತು ವಾರೆ ಮಾಡಿ, ಹೇಗೋ ಮೂತಿ ತೂರಿಸಿದ. ಪುನುಗಿನ ಆಚೆ ಕೊಳೆತ ನಾತ ಮೂಗಿಗೆ ಬಡಿಯಿತು. ಗೋಡೆಯಿಂದ ನೀರು ಜಿನುಗುತ್ತಿತ್ತು. ಬುಟ್ಟಿಗಳಲ್ಲಿ ಮೇಲೆ ಬೂಷ್ಟು ಹಿಡಿದ ಅಕ್ಕಿ, ಮೂತಿಯಿಂದ ಕೆದಕಿದರೆ ಕೆಳಗೆ ಬರೀ ಹೊಟ್ಟು.

ಅವನು ಹಿಂದೆ ಸರಿದ. ಅಜ್ಜಿ ಬಾಗಿಲಲ್ಲೇ ಕುಳಿತು ಅವನ ಮುಖ ನೋಡುತ್ತಿದ್ದಳು.

ಅಷ್ಟರಲ್ಲಿ ಸುಗಂಧರಾಯ ಓಡಿ ಬಂದು ಅವನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ, “ಮಳೆ ಬಂತು, ಕೊಳೆಯಿತು ಅಂದುಬಿಡಿ. ಮಳೆಗೆ ಯಾರು ಹೊಣೆ?”

ಕೊಂಬಯ್ಯನಿಗೆ ಆ ಮಾತೂ ಹಿಡಿಸಿತು.

ಅಜ್ಜಿಯ ದೂರು ಕೇಳಿ ಮರುದಿನ ದೊಡ್ಡವ್ವ ಎಲ್ಲರನ್ನೂ ಸೇರಿಸಿದಳು. ಕೊಂಬಯ್ಯ ಎದೆಯುಬ್ಬಿಸಿ, “ಎಲ್ಲ ಮಳೆಯ ತಪ್ಪು” ಎಂದ.

“ಗುಡ್ಡದ ಗವಿಯ ಮೇಲೂ ಮಳೆ ಬಿತ್ತು. ಅಲ್ಲೇಕೆ ನೆನೆಯಲಿಲ್ಲ?” ಎಂದು ದೊಡ್ಡವ್ವ ಕೇಳಿದಳು. “ಬುತ್ತಿಯ ಜಾಗ ಬದಲಿಸುವ ಮೊದಲು ಹೊಳೆಯ ಗವಿ ನೋಡಿದ್ದೆಯಾ?”

“ಇಲ್ಲ.”

“ಬೇರೆ ಗವಿಗಳ ಬಾಡಿಗೆ ಕೇಳಿದ್ದೆಯಾ?”

“ಇಲ್ಲ.”

“ಗವಿ ಯಾರದೆಂದಾದರೂ ಗೊತ್ತೇ?”

ಕೊಂಬಯ್ಯ ಸುಗಂಧರಾಯನ ಕಡೆ ನೋಡಿದ. ಸುಗಂಧರಾಯ ಮೀಸೆ ನೆಕ್ಕಿಕೊಳ್ಳುತ್ತಿದ್ದ.

“ದೊಡ್ಡವ್ವಾ, ನಾನು ಹೇಳಿದ್ದು ಕೇಳುವ ಆಳು” ಎಂದು ಸುಗಂಧರಾಯ ಕೈಮುಗಿದ. “ಹಲಗೆಗಳನ್ನೆಲ್ಲ ತಂದಿದ್ದೇನೆ. ಎಲ್ಲದರ ಮೇಲೂ ಗೊರಸಿದೆ, ಒಂದರ ಮೇಲೆ ಎರಡೆರಡು ಸಲ ಇದೆ. ನನ್ನ ಪಂಜದ ಗುರುತು ಎಲ್ಲಿದೆ, ತೋರಿಸಿ!”

ಎಲ್ಲಿಯೂ ಇರಲಿಲ್ಲ. “ನಾನು... ನಾನು ಅವನನ್ನು ನಂಬಿದೆ” ಎಂದ ಕೊಂಬಯ್ಯ.

“ನಂಬಿದವರು ಇವರು, ನಿನ್ನನ್ನು” ಎಂದಳು ದೊಡ್ಡವ್ವ, ಮುಳ್ಳಜ್ಜಿಯ ಕಡೆ ಸೊಂಡಿಲು ತೋರಿಸಿ. “ನೀನು ಮಾಡಿದ್ದಕ್ಕೆ ನಂಬಿಕೆ ಅನ್ನುವುದಿಲ್ಲ, ಸೋಮಾರಿತನ ಅನ್ನುತ್ತಾರೆ. ಹಾಳಾದ ಬುತ್ತಿಯನ್ನು ನಿನ್ನ ಸ್ವಂತ ಕಣಜದಿಂದ ತುಂಬಿಕೊಡು. ಗವಿಯ ಒಡೆಯ ಪಡೆದ ಬಾಡಿಗೆಯೂ ಪೂರಾ ವಾಪಸು ಬರಬೇಕು. ಯಾರಪ್ಪಾ ಆ ಒಡೆಯ?”

ಗುಂಪಿನ ಹಿಂದಿನಿಂದ ಇನ್ನೊಂದು ಪುನುಗುಬೆಕ್ಕು ಕಿರುಚಿತು, “ಪೂರಾ ನಾನೇಕೆ ಕೊಡಲಿ? ನನಗೆ ಸಿಕ್ಕಿದ್ದು ಹತ್ತರಲ್ಲಿ ಎರಡೇ ಪಾಲು! ಉಳಿದದ್ದನ್ನೆಲ್ಲ ಭಾವ ತನ್ನ ಬೈನೆ ಮರದ ಪೊಟರೆಗೆ ಸಾಗಿಸಿದ!”

ಭಾವ ಎಂದರೆ ಸುಗಂಧರಾಯ. ಅವನು ಮೆಲ್ಲಗೆ ಜಾರಿಕೊಳ್ಳಲು ನೋಡಿದ. ಹಂದಿಗಳು ದಾರಿ ಬಿಡಲಿಲ್ಲ. ಮಂಗಗಳು ಪೊಟರೆಗೆ ಕೈ ಹಾಕಿದರೆ ಒಳ್ಳೆಯ ಬಿದಿರಕ್ಕಿ ಬಳಬಳ ಸುರಿಯಿತು. ಬಾಡಿಗೆಯದೂ ಇತ್ತು, ಇಲಿ ಕಾದ ಖರ್ಚಿನದೂ ಇತ್ತು, ಬುಟ್ಟಿಗಳ ತಳದಿಂದ ಕದ್ದದ್ದೂ ಇತ್ತು.

ಸುಗಂಧರಾಯನ ಅಕ್ಕಿಯೂ ಹೋಯಿತು, ಮರವೂ ಹೋಯಿತು. ಕೊಳೆತ ಗವಿಯನ್ನು ನಾತ ಹೋಗುವವರೆಗೆ ತೊಳೆಯಬೇಕೆಂದು ಅಪ್ಪಣೆಯಾಯಿತು. ಪುನುಗು ಬಳಿಯುವಂತಿಲ್ಲ, ನೀರೇ ಹಾಕಬೇಕು! ಅವನು ಭಾವಮೈದುನನ ಜೊತೆ ಇಡೀ ಚಳಿಗಾಲ ತೊಳೆದ. ತೊಳೆದದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು.

ಮರದ ಮೇಲಿದ್ದ ಕೊಕ್ಕವ್ವ, “ನಾನು ಆವತ್ತೇ ಕೇಳಿದ್ದೆ, ದೊಡ್ಡವ್ವಾ” ಎಂದಳು.

“ಕೇಳಿ ಹಾರಿಹೋದೆ. ನನಗೊಂದು ಮಾತು ಹೇಳಿದ್ದರೆ ಅಕ್ಕಿ ಉಳಿಯುತ್ತಿತ್ತು. ನೀನೂ ಒಂದು ಪಾಲು ತುಂಬು” ಎಂದಳು ದೊಡ್ಡವ್ವ. ಆಮೇಲೆ ದನಿ ತಗ್ಗಿಸಿ ಹೇಳಿದಳು, “ಕೊಂಬು ನೋಡಿ ಆರಿಸಿದವಳು ನಾನು. ಆರಿಸಿದ ಮೇಲೆ ಒಂದು ದಿನವೂ ತಿರುಗಿ ನೋಡಲಿಲ್ಲ. ನನ್ನದೂ ಒಂದು ಪಾಲು ಇರಲಿ.”

ಕೊಂಬಯ್ಯನ ಕಣಜ ಬರಿದಾಯಿತು. ಮೊದಲ ಬುಟ್ಟಿಯನ್ನು ಅವನೇ ಮುಳ್ಳಜ್ಜಿಯ ಬಿಲಕ್ಕೆ ಹೊತ್ತುಕೊಂಡು ಹೋದ.

“ತಪ್ಪಾಯಿತು, ಅಜ್ಜಿ” ಎಂದ.

“ತಪ್ಪು ಆಮೇಲೆ. ಮೊದಲು ಬುಟ್ಟಿ ಇಳಿಸು, ಕೆಳಗಿನದು ನೋಡಬೇಕು” ಎಂದಳು ಅಜ್ಜಿ. ತಳದವರೆಗೂ ಕೈ ಹಾಕಿ ನೋಡಿದ ಮೇಲೆಯೇ ಅವಳು ಉಣ್ಣಲು ಕುಳಿತಳು.

ಹೊಸ ಧರ್ಮದರ್ಶಿ ಯಾರಾಗುತ್ತೀರಿ ಎಂದು ದೊಡ್ಡವ್ವ ಕೇಳಿದಾಗ ಇಡೀ ಕಾಡಿಗೆ ಒಮ್ಮೆಲೇ ಬೇರೆ ಕೆಲಸ ನೆನಪಾಯಿತು. ಕೊನೆಗೆ ಒಂದು ಚಿಪ್ಪುಹಂದಿ ಮಾತ್ರ, “ನಾನು ತಿಂಗಳಿಗೊಮ್ಮೆ ಬುಟ್ಟಿ ಬಗ್ಗಿಸಿ ನೋಡುತ್ತೇನೆ. ಯಾರೂ ಬೇಜಾರು ಮಾಡಿಕೊಳ್ಳಬಾರದು” ಎಂದಿತು. ಅದನ್ನೇ ನೇಮಿಸಿದರು.

ಕೆಲವು ದಿನಗಳ ಬಳಿಕ ಒಂದು ಮಂಗ ಹಸಿ ಹಲಗೆ ಹಿಡಿದು ಕೊಂಬಯ್ಯನ ಬಳಿ ಬಂತು. “ಅಯ್ಯಾ, ನಮ್ಮದೊಂದು ಹೊಸ ಸಂಘ. ಸುಮ್ಮನೆ ಹೆಸರಿಗೆ ಒಂದು ಗೊರಸು...”

ಮಾತು ಮುಗಿಯುವಷ್ಟರಲ್ಲಿ ಕೊಂಬಯ್ಯ ಅಲ್ಲಿರಲಿಲ್ಲ. ಅವನು ಓಡಿದ ರಭಸ ಕಂಡು, ಹುಲಿಯೇ ಬಂತೆಂದು ತಿಳಿದು, ಕಾಡಿನ ಜಿಂಕೆಗಳೆಲ್ಲ ಓಡಿದವು.

ನೀತಿ: ಪರರ ಬುತ್ತಿ ಕಾಯಲು ಒಪ್ಪಿಕೊಂಡವನು ಕಣ್ಣಿಟ್ಟು ಕಾಯಬೇಕು, ನೋಡದೆ ಒಪ್ಪಿಗೆ ಕೊಟ್ಟವನೂ, ನೋಡಿ ಸುಮ್ಮನಿದ್ದವನೂ ನಷ್ಟಕ್ಕೆ ಹೊಣೆ.