ನಾಲ್ಕನೇ ಜ್ವರದ ದೀಪ

ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಶಿಲುಬೆಯ ಗುರುತು ಹಾಕಿಕೊಂಡು, ರೇಷ್ಮೆ ಹುಳುಮನೆಯ ಬಾಗಿಲು ಮುಚ್ಚಿ, ದೀಪವನ್ನು ನಡುಮನೆಯಲ್ಲಿಟ್ಟು, ಎಲ್ಲರೂ ಸುತ್ತ ಕುಳಿತು ಕೇಳಿರಿ. ಕಥೆ ಮುಗಿಯುವ ತನಕ ದೇವರಲ್ಲಿ ಏನನ್ನೂ ಬೇಡಬಾರದು. ಮಳೆ ಕೇಳಬಾರದು, ಮಗಳಿಗೆ ಗಂಡು ಕೇಳಬಾರದು, ಮೊಣಕಾಲು ನೋವು ವಾಸಿಮಾಡೆಂದೂ ಕೇಳಬಾರದು. ಬೇಡುವುದಕ್ಕೆ ವರ್ಷದಲ್ಲಿ ಬೇರೆ ದಿನಗಳು ಬೇಕಾದಷ್ಟಿವೆ. ಇದು ಕಾಯುವ ದೀಪ.

ಈ ನೇಮ ನಮ್ಮ ಮನೆಯಲ್ಲಿ ನೆಲೆಗೊಂಡದ್ದು ಹೇಗೆಂದರೆ, ಅರ್ಕಾವತಿ ಹೊಳೆಯ ದಡದ ತಿರುವುಕಟ್ಟೆ ಎಂಬ ಊರಿನಲ್ಲಿ ರೀತಮ್ಮ ಎಂಬ ವಿಧವೆಯು ತನ್ನ ಮಗ ಚೌರಪ್ಪನೊಡನೆ ರೇಷ್ಮೆ ಹುಳು ಸಾಕಿಕೊಂಡು ಬಾಳುತ್ತಿದ್ದಳು. ರೇಷ್ಮೆ ಹುಳುವಾದರೋ ಗೂಡು ಕಟ್ಟುವ ಮುನ್ನ ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಮಿಸುಕದೆ ಕುಳಿತು, ಹಳೆಯ ಚರ್ಮ ಕಳಚಿ ಹೊಸ ಚರ್ಮದಲ್ಲಿ ಏಳುತ್ತದೆ. ಹೀಗೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೈ ಸುಡುವುದಿಲ್ಲ, ಕಾಯಿಲೆಯೂ ಅಲ್ಲ, ಆದರೂ ಜ್ವರ. ಹಿರಿಯರು ಇಟ್ಟ ಹೆಸರು, ನಾವೇನು ಮಾಡೋಣ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಹೊಗೆ ತಾಗಿಸಬಾರದು. ಕೈಕಟ್ಟಿ ಕೂರುವುದು ಮನುಷ್ಯನಿಗೆ ಕಷ್ಟದ ಕೆಲಸವಾದ್ದರಿಂದ, ಪ್ರತಿ ಜ್ವರದ ಸಂಜೆಯೂ ಮನೆಯ ಸೊಸೆಯು ದೀಪ ಹಚ್ಚಿ, ಎಲ್ಲರೂ ಅದರ ಮುಂದೆ ಸುಮ್ಮನೆ ಕುಳಿತು, “ಕಾಯುವವನು ನೀನು, ಕಾಯುವವರು ನಾವು” ಎಂದಷ್ಟೇ ಹೇಳಿ ಏಳುವುದು ಆ ಮನೆಯ ವಾಡಿಕೆಯಾಗಿತ್ತು.

ಇಂತಿರಲು ಚೌರಪ್ಪನು ದೂರದ ಊರಿನಿಂದ ಆರೋಗ್ಯಮ್ಮ ಎಂಬ ಹೆಣ್ಣನ್ನು ಮದುವೆಯಾಗಿ ಬಂದನು. ಅವಳು ತವರಿನಲ್ಲಿ ರಾಗಿ, ಹುರುಳಿ ಕಂಡವಳೇ ಹೊರತು ರೇಷ್ಮೆ ಕಂಡವಳಲ್ಲ. ಹೊಸ ಸೊಸೆಯೆಂದು ಕೆಲವು ತಿಂಗಳು, ಬಸುರಿಯೆಂದು ಕೆಲವು ತಿಂಗಳು ರೀತಮ್ಮನು ಅವಳನ್ನು ಹುಳುಮನೆಗೆ ಬಿಟ್ಟುಕೊಳ್ಳಲಿಲ್ಲ. ಹೊರಗೆ ದೀಪ ಹಚ್ಚುವುದಷ್ಟೇ ಅವಳ ಪಾಲಿಗೆ ಬಂದದ್ದು; ಹುಳುವಿನ ಜ್ವರವೆಂದರೇನೆಂದು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ.

ಬಸುರು ತುಂಬುತ್ತಾ ಬಂದಾಗ ಹೊಟ್ಟೆಯೊಳಗಿನ ಕೂಸು ಒಂದು ದಿನ ಮಿಸುಕುವುದನ್ನು ನಿಲ್ಲಿಸಿತು. ಆರೋಗ್ಯಮ್ಮನು ಜಪಸರ ಹಿಡಿದು, ಉಪವಾಸವಿದ್ದು, ಮಾತೆ ಮರಿಯಮ್ಮನವರಿಗೆ ಹರಕೆ ಹೊತ್ತು, ಕಣ್ಣೀರಿಟ್ಟು ಬೇಡಿದಳು. ಕೂಸು ಉಳಿಯಲಿಲ್ಲ. ಅದನ್ನು ಮಣ್ಣು ಮಾಡಿ ಬಂದ ಮೇಲೆ ಅವಳು ದೀಪವನ್ನು ಅಟ್ಟಕ್ಕೆಸೆದು, “ಬೇಡಿದಾಗಲೇ ಕೊಡದವನು ಬೇಡದಿದ್ದರೆ ಕೊಟ್ಟಾನ?” ಎಂದಳು. ಭಾನುವಾರ ಗುಡಿಯ ಪೂಜೆಗೂ ಹೋಗದಾದಳು. ಒಲೆ ಹಚ್ಚುವಳು, ಅಡಿಗೆ ಮಾಡುವಳು, ಬಡಿಸುವಳು, ತಾನು ಮಾತ್ರ ಎರಡು ತುತ್ತು ತಿಂದು ಏಳುವಳು. ಚೌರಪ್ಪನು ಗದರಿಸಹೋದರೆ ರೀತಮ್ಮನು ಕಣ್ಣಿನಲ್ಲೇ ಅವನನ್ನು ತಡೆಯುವಳು. ಅತ್ತೆಗೆ ತನ್ನ ದುಃಖದ ಪರಿವೆಯೇ ಇಲ್ಲವೆಂದು ಆರೋಗ್ಯಮ್ಮನು ಮನಸ್ಸಿನಲ್ಲೇ ಕುದಿದಳು.

ಹೀಗಿರುವಾಗ ಹೊಳೆಯಾಚೆಯ ಊರಿನಲ್ಲಿದ್ದ ರೀತಮ್ಮನ ಮಗಳಿಗೆ ದಿನ ತುಂಬಲು, ರೀತಮ್ಮನು ಬಾಣಂತನಕ್ಕೆಂದು ಹೊರಟುಹೋದಳು. ಕೆಲವು ದಿನಗಳಲ್ಲೇ ಹೆರಿಗೆ ಕಷ್ಟವಾಗಿದೆಯೆಂದು ಸುದ್ದಿ ಬಂದು ಚೌರಪ್ಪನೂ ಹೊರಡಬೇಕಾಯಿತು. ಹೊಸಿಲು ದಾಟುತ್ತಾ ಅವನು, “ಹುಳ ನಾಕನೇ ಜ್ವರಕ್ಕೆ ಕುಂತವೆ, ಒಸಿ ನೋಡ್ಕೊ” ಎಂದನು.

ಅವನು ಹೇಳಿದ್ದು ಕಣ್ಣಿಟ್ಟಿರು ಎಂದು. ಅವಳಿಗೆ ಕೇಳಿಸಿದ್ದು ಜ್ವರ ಬಂದವರನ್ನು ನೋಡಿಕೊಳ್ಳುವ ಹಾಗೆ ನೋಡಿಕೋ ಎಂದು. ಹೆಸರು ಆರೋಗ್ಯಮ್ಮ, ಹೆದರಿದ್ದು ಜ್ವರಕ್ಕೆ. ಹುಳುಮನೆಯ ಬಾಗಿಲು ತೆಗೆದು ನೋಡುತ್ತಾಳೆ, ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆಯೆತ್ತಿ ನಿಂತಿವೆ, ಒಂದೂ ಮಿಸುಕುತ್ತಿಲ್ಲ, ಒಂದೂ ತಿನ್ನುತ್ತಿಲ್ಲ. ಮಿಸುಕದ ಜೀವವನ್ನು ಒಮ್ಮೆ ಹೊತ್ತ ಹೆಂಗಸಿಗೆ ಆ ನೋಟ ಹೇಗಿದ್ದೀತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಸಲ ಕೈಕಟ್ಟಿ ಕೂರಲಾರೆನೆಂದು ಅವಳು ಸೆರಗು ಸಿಕ್ಕಿಸಿ ಆರೈಕೆಗೆ ನಿಂತಳು. ಎಳೆಯ ಸೊಪ್ಪು ಕೊಯ್ದು ತಂದು ಮೇಲೆ ಹೊದಿಸಿದಳು. ಬೇವಿನ ನೀರು ಚಿಮುಕಿಸಿದಳು. ಮಿಸುಕೀತೇನೋ ಎಂದು ಒಂದೊಂದನ್ನೇ ಬೆರಳಿನಲ್ಲಿ ಹೊರಳಿಸಿದಳು. ಕಡೆಗೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಕೋಣೆಯ ತುಂಬ ಹೊಗೆ ಹಿಡಿದಳು. ಕೈಗೆಟುಕಿದ ತಟ್ಟೆಗಳಿಗೆಲ್ಲ ಈ ಉಪಚಾರವಾಯಿತು. ಹಲಸಿನ ಮರದ ನೆರಳಿಗೆಂದು ಹಿಂದಿನ ಜಗಲಿಯಲ್ಲಿರಿಸಿದ್ದ ಒಂದೇ ತಟ್ಟೆ ಅವಳ ಕಣ್ಣಿಗೆ ಬೀಳದೆ ಉಳಿಯಿತು.

ಮರುದಿನ ಬೆಳಗಾಗಲು ಒಳಗಿನ ತಟ್ಟೆಗಳ ಹುಳುಗಳು ಕಪ್ಪಗೆ, ಮೆತ್ತಗೆ ಬಿದ್ದಿದ್ದವು. ಆರೋಗ್ಯಮ್ಮನು ಒಂದೊಂದೇ ತಟ್ಟೆ ಇಳಿಸಿ ನೋಡಿದಳು. ಇದನ್ನು ದೇವರು ಕೊಟ್ಟ ಶಿಕ್ಷೆಯೆಂದು ಹೇಳುವವರುಂಟು. ನಾನು ಹೇಳುವುದಿಲ್ಲ. ಹುಳು ಸತ್ತದ್ದು ಹೊಗೆಯಿಂದ.

ಅಷ್ಟರಲ್ಲಿ ರೀತಮ್ಮನು ಮಗನೊಡನೆ ಹಿಂದಿರುಗಿದಳು. ಮಗಳೂ ಕೂಸೂ ಕ್ಷೇಮವಾಗಿದ್ದರು; ಹುಳು ಜ್ವರದಿಂದ ಏಳುವ ಹೊತ್ತಾಯಿತೆಂದು ಅವಳು ಒಂದು ದಿನದ ಮಟ್ಟಿಗೆ ಬಂದಿದ್ದಳು. ಅವಳು ಹುಳುಮನೆಯೊಳಗೆ ಇಣುಕಿ, ಸಾಂಬ್ರಾಣಿಯ ವಾಸನೆ ಹಿಡಿದು, ನಡೆದದ್ದನ್ನೆಲ್ಲ ತಿಳಿದು, ಬೈಯದೆ ಸೊಸೆಯ ಕೈಹಿಡಿದು ಹಿಂದಿನ ಜಗಲಿಗೆ ಕರೆದೊಯ್ದಳು. ಅಲ್ಲಿ ಉಳಿದ ತಟ್ಟೆಯಲ್ಲಿ ಹುಳುಗಳು ಹಳೆಯ ಚರ್ಮವನ್ನು ಹಿಂದೆ ಬಿಟ್ಟು, ಹೊಸ ಮೈಯಲ್ಲಿ, ಸೊಪ್ಪಿಗಾಗಿ ತಲೆಯಾಡಿಸುತ್ತಿದ್ದವು. “ಸತ್ತಿರ್ನಿಲ್ಲ ಕಣವ್ವ, ಬದಲಾಯ್ತಿದ್ವು” ಎಂದಳು ರೀತಮ್ಮ.

ಆರೋಗ್ಯಮ್ಮನು ತಟ್ಟೆಯ ಮೇಲೆ ಬಗ್ಗಿ ನೋಡಿ, “ನನ್ನ ಕೂಸು ಬದಲಾಯ್ತಿರ್ನಿಲ್ಲ ಅತ್ತೆಮ್ಮ. ಸತ್ತೇ ಹೋಯ್ತು” ಎಂದಳು.

ರೀತಮ್ಮನು ಸೊಸೆಯ ಕೈ ಬಿಡಲಿಲ್ಲ. “ಹೂಂ ಕಣವ್ವ, ಕೂಸು ಹೋಯ್ತು. ಅದುಕ್ಕೆ ನಾನೂ ಅತ್ತಿವ್ನಿ. ಜ್ವರಕ್ಕೆ ಕುಂತಿರೋಳು ನೀನು” ಎಂದು, ಹಿತ್ತಲ ಒರಳುಕಲ್ಲಿನ ಮಗ್ಗುಲಿಗೆ ಕರೆದೊಯ್ದು ತೋರಿಸಿದಳು. ಅಲ್ಲೊಂದು ಮಣ್ಣಿನ ಹಣತೆಯಿತ್ತು, ಗೋಡೆಗೆ ಎಷ್ಟೋ ಸಂಜೆಗಳ ಮಸಿ ಹಿಡಿದಿತ್ತು. “ನೀನು ದೀಪ ಬಿಟ್ಟ ದಿನದಿಂದ ಮನೇಲಿದ್ದಷ್ಟು ದಿನಾನೂ ಹಚ್ತಿವ್ನಿ. ಹುಳುಕ್ಕಲ್ಲ, ನಿಂಗೆ. ಉಣ್ಣು ಅನ್ನಲಿಲ್ಲ, ಅಳಬ್ಯಾಡ ಅನ್ನಲಿಲ್ಲ, ಗುಡಿಗೆ ಬಾ ಅನ್ನಲಿಲ್ಲ. ಮುಟ್ಟಬಾರ್ದು ಅಂತ ದೂರ ಕುಂತು ಕಾಯ್ತಿವ್ನಿ. ನನಗೇ ಇಷ್ಟು ಕಾಯಾಕೆ ಆಯ್ತದೆ ಅಂದ್ರೆ, ನಿನ್ನ ಹುಟ್ಟಿಸಿದೋನು ಕಾಯದೆ ಬಿಟ್ಟಾನ?”

ಆರೋಗ್ಯಮ್ಮನು ಆ ಮಸಿಯ ಮೇಲೆ ಕೈಯಿಟ್ಟು ಅತ್ತಳು. ಕೂಸನ್ನು ಮಣ್ಣು ಮಾಡಿದ ದಿನ ಬಾರದ ಅಳು ಆ ದಿನ ಬಂತು. ಸಂಜೆಯಾಗಲು ತಾನೇ ಅಟ್ಟ ಹತ್ತಿ ಹಳೆಯ ದೀಪವನ್ನಿಳಿಸಿ, ಹುಣಿಸೆಹಣ್ಣಿನಲ್ಲಿ ತೊಳೆದು, ಹಚ್ಚಿದಳು. ಏನನ್ನೂ ಬೇಡಲಿಲ್ಲ.

ಉಳಿದ ಒಂದು ತಟ್ಟೆಯ ಹುಳು ಬಲಿತು ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರ ತಟ್ಟಿಯೇರಿ, ಒಳ್ಳೆಯ ಗೂಡು ಕಟ್ಟಿತು. ಮುಂದಿನ ಬೆಳೆಗಳು ಕೆಲವು ಕೈಹಿಡಿದವು, ಕೆಲವು ಕೈಬಿಟ್ಟವು. ಮಕ್ಕಳಾದವೇ ಎಂದು ಕೇಳುತ್ತೀರಿ. ಆದವು; ಅದಕ್ಕೇ ನಾವೆಲ್ಲ ಇಲ್ಲಿ ಕುಳಿತಿದ್ದೇವೆ. ಆದರೆ ದೀಪ ಹಚ್ಚಿದ್ದಕ್ಕೆ ದೇವರು ಕೊಟ್ಟ ಕೂಲಿಯದು ಎಂದರೆ ಆರೋಗ್ಯಮ್ಮ ಒಪ್ಪುತ್ತಿರಲಿಲ್ಲ. ದೀಪ ಆರಿದ್ದಾಗಲೂ ಆತ ಕಾಯುತ್ತಲೇ ಇದ್ದನೆಂದು ಅವಳು ಮುದುಕಿಯಾಗುವ ತನಕ ಹೇಳುತ್ತಿದ್ದಳು. ಸುಗ್ಗಿಯಲ್ಲೂ ಹೇಳಿದಳು, ಚೌರಪ್ಪನನ್ನು ಮಣ್ಣಿಗಿಟ್ಟ ವರ್ಷವೂ ಹೇಳಿದಳು.

ಆದ್ದರಿಂದ ಈ ಮನೆಯಲ್ಲಿ ಯಾರಾದರೂ ಉಣ್ಣದೆ, ಮಾತಾಡದೆ, ಪ್ರಾರ್ಥನೆಗೂ ಬಾರದೆ ಕೂತಿದ್ದರೆ ಅವರನ್ನು ಹೊರಳಿಸಿ ನೋಡಬೇಡಿ, ಉಪದೇಶದ ಹೊಗೆ ಹಾಕಬೇಡಿ. ಅವರ ಹೆಸರಿನಲ್ಲಿ ಒಂದು ದೀಪ ಹಚ್ಚಿ ದೂರ ಕುಳಿತುಕೊಳ್ಳಿ.

ಈ ಕಥೆಯನ್ನು ಓದಿದವರಿಗೂ, ಕೇಳಿದವರಿಗೂ, ನಡುವೆ ತೂಕಡಿಸಿದವರಿಗೂ ಆರೋಗ್ಯಮ್ಮನಿಗೆ ದೊರೆತ ಫಲವೇ ಉಂಟು. ಅವರವರ ಜ್ವರದ ದಿನಗಳಲ್ಲಿ ಅವರಿಗಾಗಿ ಹಿತ್ತಲಲ್ಲೊಂದು ದೀಪ ಉರಿಯುತ್ತಿರುತ್ತದೆ. ಬೇಡಬಾರದೆಂದು ಮೊದಲೇ ಹೇಳಿದ್ದೇನಲ್ಲ, ಇದು ಬೇಡಿದ್ದಲ್ಲ. ಇರುವುದನ್ನು ಹೇಳಿದ್ದು. ಆಮೆನ್.